ತವರಿನ ಹೊಲ, ಅಣ್ಣನ ಪಂಚಮಿ, ನನ್ನ ಸಹಿ

ಪ್ರಶ್ನೆ: ನನ್ನ ತವರು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಕೊಟ್ಟದ್ದು ಗಂಗಾವತಿ ಕಡೆ. 1992ರಲ್ಲಿ ಮದುವೆ ಆಯಿತು, ಆಗ ನನಗೆ 18. ಅವ್ವ ಮೊದಲೇ ಹೋದಳು. ಅಪ್ಪ ತೀರಿಕೊಂಡು ಎರಡು ವರ್ಷ. ಒಬ್ಬ ಅಣ್ಣ, ಒಬ್ಬ ತಮ್ಮ. ಅಪ್ಪನ ಹೆಸರಿನಲ್ಲಿ 12 ಎಕರೆ ಇದೆ. ಏಳು ಎಕರೆ ಅಜ್ಜನ ಕಾಲದ್ದು, ಐದು ಎಕರೆ ಅಪ್ಪ ದುಡಿದು ಕೊಂಡದ್ದು. ಎಲ್ಲಾ ಕಾಲುವೆ ನೀರಿನ ಭತ್ತದ ಹೊಲ. ಬರುವ ಬುಧವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ಅಣ್ಣ ಹೇಳಿದ್ದಾನೆ. "1994ಕ್ಕಿಂತ ಮುಂಚೆ ಮದುವಿ ಆದವರಿಗೆ ಪಾಲಿಲ್ಲ, ಸಹಿ ಸುಮ್ನೆ ನೆಪಕ್ಕ" ಅನ್ನುತ್ತಾನೆ. ಮದುವೆಯಲ್ಲಿ ಮೂರು ತೊಲ ಬಂಗಾರ ಹಾಕಿದ್ದು ನಿಜ. ಡಿಗ್ರಿ ಓದುವ ನನ್ನ ಮಗಳು "ಸಹಿ ಹಾಕಬೇಡ, ಇದಕ್ಕಾಗಿ ಎಷ್ಟು ಹೆಂಗಸರು ಹೋರಾಡಿದ್ದಾರೆ ಗೊತ್ತಾ" ಅಂತ ಜಗಳಕ್ಕೆ ಬರುತ್ತಾಳೆ. ಅಣ್ಣ ನಗುತ್ತಾನೆ: "ಮಹಿಳಾ ಹೋರಾಟ ಅನ್ನೋದು ಬೆಂಗಳೂರು ಹೆಂಗಸರ ಆಟ. ಅದರಿಂದ ನಿನಗೇನು ಬಂತು?" ನಿಜವಾಗಿ ನನಗೇನಾದರೂ ಬಂದಿದೆಯಾ? ಪಾಲು ಕೇಳಿದರೆ ಅಣ್ಣ ಪಂಚಮಿಗೆ ಕರೆಯಲು ಬರುತ್ತಾನಾ?

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇವೆ. ಪಾಲು ಇದೆಯೋ ಇಲ್ಲವೋ, ಹೋರಾಟದಿಂದ ನಿಮಗೇನು ಬಂತು, ಅಣ್ಣ ಬರುತ್ತಾನೋ ಇಲ್ಲವೋ. ರಾಯಚೂರಿನಲ್ಲಿ ವಕೀಲಿಕೆ ಮಾಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಕೇಳುವುದು ಮೊದಲ ಪ್ರಶ್ನೆ, ಆದರೆ ನಿದ್ದೆ ಕೆಡಿಸುವುದು ಮೂರನೆಯದು. ನಿಮಗೂ ಹಾಗೇ ಇರಬೇಕು.

ಮೊದಲು 1994ರ ಮಾತು. ಇದು ಪೂರ್ತಿ ಸುಳ್ಳಲ್ಲ, ಹಳಸಿದ ಸತ್ಯ. ಆ ವರ್ಷ ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಎರಡು ವರ್ಷದ ಅಂತರದಲ್ಲಿ ನೀವು ಹೊರಗುಳಿದಿರಿ. ಬಾಂಡ್ ರೈಟರ್‌ಗಳ ಬಾಯಲ್ಲಿ ಇಂದಿಗೂ ಓಡಾಡುವುದು ಇದೇ ಕಾನೂನು.

ಅದಾದ ಮೇಲೆ 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಅದರಲ್ಲಿ ಮದುವೆಯ ತಾರೀಖಿನ ಮಾತೇ ಇಲ್ಲ. ಮಗಳು ಹುಟ್ಟಿನಿಂದಲೇ ಪಾಲುದಾರಳು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಬಿಡಿಸಿ ಹೇಳಿತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಲೂ ಇಲ್ಲ. ಹೀಗಾಗಿ 1992ರ ನಿಮ್ಮ ಮದುವೆಗೂ ಇವತ್ತಿನ ನಿಮ್ಮ ಪಾಲಿಗೂ ಸಂಬಂಧವಿಲ್ಲ. ಇನ್ನೊಂದು ಸಣ್ಣ ಮಾತು. ಪಾಲೇ ಇಲ್ಲದವಳ ಸಹಿ ಯಾರಿಗೂ ಬೇಕಾಗುವುದಿಲ್ಲ, ಅಲ್ವಾ? ಬುಧವಾರದ ತನಕ ನಿಮ್ಮನ್ನು ಕಾಯುತ್ತಿದ್ದಾರೆ ಅಂದರೆ ಪಾಲು ಇದೆ ಅಂತ ಅವರಿಗೂ ಗೊತ್ತು.

ಈಗ ಲೆಕ್ಕ ಮಾಡೋಣ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಈ ಲೆಕ್ಕದಲ್ಲೇ ಇದೆ.

1956ಕ್ಕಿಂತ ಮುಂಚೆ ನಿಮ್ಮಂಥ ಮನೆಯಲ್ಲಿ ಅಣ್ಣತಮ್ಮಂದಿರು ಇದ್ದ ಮೇಲೆ ಮಗಳಿಗೆ ಹೊಲದಲ್ಲಿ ಸಿಗುತ್ತಿದ್ದುದು ಸೊನ್ನೆ. ಮದುವೆ ಮಾಡಿ ಕೊಡಬೇಕು, ಅಲ್ಲಿಯವರೆಗೆ ಊಟ ಬಟ್ಟೆ ನೋಡಬೇಕು, ಅಷ್ಟೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಪ್ಪ ಸ್ವಂತ ದುಡಿದ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಬಂತು. ನಿಮ್ಮ ಐದು ಎಕರೆಯಲ್ಲಿ ಮೂರನೇ ಒಂದು ಭಾಗ, ಅಂದರೆ ಸುಮಾರು 1 ಎಕರೆ 27 ಗುಂಟೆ. ಅಜ್ಜನ ಏಳು ಎಕರೆಯ ಕಥೆ ಬೇರೆ. ಅದನ್ನು ಮೊದಲು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿಗೆ ಮೂರು ಪಾಲು ಮಾಡಬೇಕು. ಆಮೇಲೆ ಅಪ್ಪನ ಒಂದು ಪಾಲನ್ನು ಮಾತ್ರ ಮೂವರು ಮಕ್ಕಳಿಗೆ ಹಂಚಬೇಕು. ಮಗಳ ಕೈಗೆ ಬರುವುದು ಸುಮಾರು 31 ಗುಂಟೆ. ಎರಡೂ ಸೇರಿದರೆ 2 ಎಕರೆ 18 ಗುಂಟೆ. 2005ರ ನಂತರ ಅಜ್ಜನ ಹೊಲವೂ ಅಪ್ಪ ಮತ್ತು ಮೂವರು ಮಕ್ಕಳಿಗೆ ನಾಲ್ಕು ಪಾಲಾಗುತ್ತದೆ, ಅಪ್ಪನ ಪಾಲು ಮತ್ತೆ ಮೂವರಿಗೂ ಸಮ ಹೋಗುತ್ತದೆ. ಒಟ್ಟು 12 ಎಕರೆಯಲ್ಲಿ ನಿಮಗೆ 4 ಎಕರೆ.

ಸೊನ್ನೆ, 2 ಎಕರೆ 18 ಗುಂಟೆ, 4 ಎಕರೆ. ಅಣ್ಣ ಕೇಳಿದ "ನಿನಗೇನು ಬಂತು" ಎಂಬ ಪ್ರಶ್ನೆಗೆ ಎಕರೆ ಗುಂಟೆಯಲ್ಲೇ ಉತ್ತರ ಕೊಡಬಹುದು.

ಇದನ್ನು ಸರ್ಕಾರ ಕೊಟ್ಟಿತು, ಹೋರಾಟಕ್ಕೂ ಇದಕ್ಕೂ ಏನು ಸಂಬಂಧ ಅನ್ನುವವರೂ ಇದ್ದಾರೆ. ಸರ್ಕಾರ ತಾನಾಗಿ ಕೊಡಲಿಲ್ಲ. 1927ರಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನ ಮುಂದಿನ ದಶಕದಿಂದಲೇ ಆಸ್ತಿ ಹಕ್ಕಿಗಾಗಿ ಒತ್ತಾಯಿಸುತ್ತಿತ್ತು. ಮದುವೆ, ಆಸ್ತಿಯ ಕಾನೂನು ಬದಲಿಸುವ ಹಿಂದೂ ಕೋಡ್ ಬಿಲ್ ಪಾಸಾಗದೆ ನಿಂತಾಗ ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಆ ಬಿಲ್ಲನ್ನು ತುಂಡು ಮಾಡಿ ತಂದದ್ದರಲ್ಲಿ ಒಂದು ತುಂಡು 1956ರ ಕಾಯ್ದೆ. 1985ರಲ್ಲಿ ಆಂಧ್ರ, 1989ರಲ್ಲಿ ತಮಿಳುನಾಡು ಮಗಳನ್ನು ಪಾಲುದಾರಳು ಎಂದು ಒಪ್ಪಿದವು. ಆಮೇಲೆ ನಮ್ಮದು.

2004ರ ಕೊನೆಗೆ ಕೇಂದ್ರದ ಮಸೂದೆ ಬಂದಾಗ ಅದರಲ್ಲಿ ದೊಡ್ಡ ತೂತು ಇತ್ತು. 1956ರ ಕಾಯ್ದೆಯ 4(2)ನೇ ಕಲಮಿನ ನೆರಳಿನಲ್ಲಿ, ಸಾಗುವಳಿ ಜಮೀನಿನ ಮೇಲೆ ಮಗಳ ಹಕ್ಕನ್ನು ಕೆಲವು ರಾಜ್ಯಗಳ ಭೂ ಕಾನೂನು ನುಂಗುತ್ತಿತ್ತು. ಮಸೂದೆ ಅದನ್ನು ಮುಟ್ಟಿರಲಿಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಮತ್ತು ಅವರ ಜೊತೆ ನಿಂತ ಮಹಿಳಾ ಸಂಘಟನೆಗಳು ಹಟ ಹಿಡಿದು ಆ ಕಲಮನ್ನು ತೆಗೆಸಿದರು. ಮನೆ, ಸೈಟು, ಬಂಗಾರದ ಹಕ್ಕು ಪೇಟೆಯವರಿಗೆ ಸಾಕಿರಬಹುದು. ಹೊಲದ ಹಕ್ಕಿಗಾಗಿ ಹೊಡೆದಾಡಿದ್ದು ಹೊಲದಲ್ಲಿ ಬೆನ್ನು ಬಗ್ಗಿಸಿ ನಾಟಿ ಹಚ್ಚುವ ನಮ್ಮವರಿಗಾಗಿ.

"ಬೆಂಗಳೂರು ಹೆಂಗಸರ ಆಟ" ಅನ್ನುವುದಕ್ಕೂ ಒಂದು ಮಾತು ಹೇಳಿಬಿಡುತ್ತೇನೆ. 1980ರ ಆಸುಪಾಸಿನಲ್ಲಿ ಬಿಹಾರದ ಬೋಧಗಯಾದಲ್ಲಿ ಮಠದ ಜಮೀನಿಗಾಗಿ ಹೋರಾಟ ನಡೆಯಿತು. ಅಲ್ಲಿ ಪಟ್ಟಾ ಗಂಡನ ಹೆಸರಿಗೆ ಬೇಡ, ನಮ್ಮ ಹೆಸರಿಗೆ ಬೇಕು ಎಂದು ಕುಳಿತವರು ಅಕ್ಷರ ಬಾರದ ಕೂಲಿ ಹೆಂಗಸರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದವರಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ಬೆಂಗಳೂರಿನವರು ಆಡಿದ ಆಟವಲ್ಲ, ಬೆಂಗಳೂರಿಗೆ ನಡೆದು ಹೋಗಿ ಕೇಳಿದ್ದು.

ಪರದೇಶದಲ್ಲೂ ಹೀಗೇ. ಇಂಗ್ಲೆಂಡಿನಲ್ಲಿ 1870ರವರೆಗೆ ಮದುವೆಯಾದ ಹೆಂಗಸು ದುಡಿದ ಕೂಲಿಯೂ ಕಾನೂನಿನ ಪ್ರಕಾರ ಗಂಡನದೇ. ಅದನ್ನು ಬದಲಿಸಿ ಎಂದು 1856ರಲ್ಲೇ ಸುಮಾರು 26,000 ಸಹಿ ಸೇರಿಸಿ ಪಾರ್ಲಿಮೆಂಟಿಗೆ ಕೊಟ್ಟಿದ್ದರು. ಪೂರ್ತಿ ಆಸ್ತಿ ಹಕ್ಕು ಬರಲು 1882 ಆಗಬೇಕಾಯಿತು. ಫ್ರಾನ್ಸಿನಲ್ಲಿ 1965ರವರೆಗೂ ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಬ್ಯಾಂಕ್ ಖಾತೆ ತೆರೆಯುವಂತಿರಲಿಲ್ಲ. ನ್ಯೂಜಿಲೆಂಡಿನ ಕಥೆ ನನಗೆ ಬಹಳ ಇಷ್ಟ. 1893ರಲ್ಲಿ ಮತದಾನದ ಹಕ್ಕಿಗಾಗಿ ಅಲ್ಲಿನ ಹೆಂಗಸರು ಸುಮಾರು 32,000 ಸಹಿ ಕೂಡಿಸಿದರು. ಅದರಲ್ಲಿ ದೊಡ್ಡ ಅರ್ಜಿಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಪೊರಕೆ ಕೋಲಿನ ತುಂಡಿಗೆ ಸುತ್ತಿ ಪಾರ್ಲಿಮೆಂಟಿಗೆ ಕಳಿಸಿದರು. ಬಿಚ್ಚಿದರೆ 270 ಮೀಟರಿಗಿಂತ ಉದ್ದ. ಅದೇ ವರ್ಷ ಹಕ್ಕು ಬಂತು. ಹೆಂಗಸರಿಗೆ ಮತ ಕೊಟ್ಟ ಮೊದಲ ದೇಶ ಅದು.

ಬೇರೆ ಊರಿನ ಅಕ್ಕತಂಗಿಯರೂ ನಿಮ್ಮ ಹಾಗೆಯೇ ತವರಿನ ಬಾಗಿಲಲ್ಲಿ ನಿಂತವರೇ. ಕೇರಳದ ಸಿರಿಯನ್ ಕ್ರಿಶ್ಚಿಯನ್ನರಲ್ಲಿ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಅನ್ನುವ ಕಾನೂನು ಇತ್ತು. ಮೇರಿ ರಾಯ್ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು. ಆಫ್ರಿಕಾದ ಬೋಟ್ಸ್ವಾನಾದಲ್ಲಿ ತವರು ಮನೆ ಗಂಡುಮಗನಿಗೇ ಸೇರಬೇಕು ಎಂಬ ಪದ್ಧತಿಯನ್ನು ಎಡಿತ್ ಮ್ಮುಸಿ ಮತ್ತು ಅವರ ಅಕ್ಕತಂಗಿಯರು ಕೋರ್ಟಿನಲ್ಲಿ ಎದುರಿಸಿದರು. ಎಲ್ಲರೂ ವಯಸ್ಸಾದವರು. 2013ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ನಿಂತಿತು.

ಹೋರಾಟ ಎಲ್ಲವನ್ನೂ ಮಾಡಿತು ಅಂತ ನಾನು ಹೇಳುವುದಿಲ್ಲ. ಅದು ಕಾನೂನಿನ ಪುಸ್ತಕದ ತನಕ ನಮ್ಮನ್ನು ತಂದು ಬಿಟ್ಟಿದೆ. ಅಲ್ಲಿಂದ ಪಹಣಿಯ ತನಕ ದಾರಿ ಇನ್ನೂ ಕಚ್ಚಾ. ನಮ್ಮ ಕಡೆ ನಾಟಿ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಆರಿಸುವುದು ಎಲ್ಲಾ ಹೆಂಗಸರ ಕೈಯಲ್ಲಿ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಂ ನೋಡಿ, ಅಲ್ಲಿ ಗಂಡಸಿನ ಹೆಸರೇ ಜಾಸ್ತಿ. ಆ ಕಾಲಂನಲ್ಲಿ ಹೆಸರಿಲ್ಲದಿದ್ದರೆ ಸೊಸೈಟಿ ಸಾಲ ಇಲ್ಲ, ಬೆಳೆ ಪರಿಹಾರ ಬೇರೆಯವರ ಖಾತೆಗೆ, ಖರೀದಿ ಕೇಂದ್ರದಲ್ಲಿ ಚೀಲ ಇಳಿಸಲೂ ಬೇರೆಯವರ ಹೆಸರು ಬೇಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ ಇನ್ನೂ ಒಳಗಿನ ಸಂಗತಿ ಹೇಳಿತು. ಜಮೀನೂ ಮನೆಯೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನ ಕೈಯಲ್ಲಿ ಹೊಡೆತ ತಿಂದವರು. ಎರಡೂ ತಮ್ಮ ಹೆಸರಿನಲ್ಲಿದ್ದವರಲ್ಲಿ 7. ಬಡಿಯಲು ಎತ್ತಿದ ಕೈ, ಇವಳು ಎದ್ದು ಹೋದರೆ ಹೋಗಲು ಜಾಗ ಇದೆ ಅಂತ ಗೊತ್ತಾದರೆ ಕೆಳಗಿಳಿಯುತ್ತದೆ.

ಬಂಗಾರದ ವಿಷಯಕ್ಕೆ ಬರೋಣ. "ಮೂರು ತೊಲ ಹಾಕೀವಿ, ಅದೇ ನಿನ್ನ ಪಾಲು." ಈ ಮಾತು ಕೇಳದ ವಾರವಿಲ್ಲ. ಮದುವೆಯಲ್ಲಿ ಕೊಟ್ಟದ್ದು ಪಾಲಿಗೆ ವಜಾ ಅನ್ನುವ ನಿಯಮ ಈ ಕಾಯ್ದೆಯಲ್ಲಿಲ್ಲ. ಅದನ್ನು ಗಂಡನ ಮನೆಯವರು ಕೇಳಿ ಪಡೆದಿದ್ದರೆ ಅದು ವರದಕ್ಷಿಣೆ, 1961ರಿಂದಲೇ ಅಪರಾಧ. ಮಾಡಿದ ಅಪರಾಧವನ್ನು ಲೆಕ್ಕದ ಪುಸ್ತಕದಲ್ಲಿ ಜಮಾ ಹಿಡಿಯಲು ಬರುವುದಿಲ್ಲ. ಅಣ್ಣನ ಮದುವೆಗೆ, ತಮ್ಮನ ಓದಿಗೆ ಆದ ಖರ್ಚನ್ನು ಅವರ ಪಾಲಿನಲ್ಲಿ ಯಾರೂ ಹಿಡಿದಿಲ್ಲ ಅನ್ನುವುದನ್ನೂ ನೆನಪಿಸಬಹುದು, ಧೈರ್ಯ ಇದ್ದರೆ.

ಇನ್ನೊಂದು ಮಾತು ನಾಳೆ ಬಂದೇ ಬರುತ್ತದೆ: "ಅಪ್ಪ ಇದ್ದಾಗಲೇ ಬಾಯಿಮಾತಿನಲ್ಲಿ ವಾಟ್ನಿ ಆಗಿದೆ." 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ವಾಟ್ನಿ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಆ ಹಂಚಿಕೆ ನಿಲ್ಲುತ್ತದೆ. ಬರೀ ಬಾಯಿಮಾತನ್ನು ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ. ಸರ್ಕಾರಿ ದಾಖಲೆಗಳ ಗಟ್ಟಿ ಆಧಾರವಿದ್ದಾಗ ಮಾತ್ರ, ಅದೂ ಅಪರೂಪಕ್ಕೆ. ನಿಮ್ಮಲ್ಲಿ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇರುವುದು ನಿಮಗೆ ಒಳ್ಳೆಯದು. ಆದರೆ ಅಪ್ಪ ಮೃತ್ಯುಪತ್ರ ಬರೆದಿದ್ದಾರಾ ಅಂತ ವಿಚಾರಿಸಿ. ತಮ್ಮ ಸ್ವಂತದ ಐದು ಎಕರೆಯನ್ನೂ ಅಜ್ಜನ ಹೊಲದಲ್ಲಿ ತಮ್ಮ ಪಾಲನ್ನೂ ಅವರು ಯಾರಿಗೆ ಬೇಕಾದರೂ ಬರೆದಿರಬಹುದು. ಹಾಗಿದ್ದರೂ ಅಜ್ಜನ ಏಳು ಎಕರೆಯಲ್ಲಿ ನಿಮ್ಮ ಹುಟ್ಟಿನ ಪಾಲು, 1 ಎಕರೆ 30 ಗುಂಟೆ, ಅವರು ಬರೆದು ಕೊಡುವ ವಸ್ತು ಅಲ್ಲ.

ಈಗ ಮುಂದಿನ ದಾರಿ.

ಬುಧವಾರ ಸಹಿ ಹಾಕುವುದು ಒಂದು ದಾರಿ. ಅದನ್ನು ತಪ್ಪು ಅನ್ನಲಾರೆ. ನಿಮ್ಮ ಹಕ್ಕು, ಬಿಡುವುದೂ ನಿಮ್ಮ ಇಷ್ಟ. ಆದರೆ ನೋಂದಣಿಯಾದ ಬಿಡುಗಡೆ ಪತ್ರ ಸುಮ್ನೆ ನೆಪ ಅಲ್ಲ. ಆಮೇಲೆ ರದ್ದು ಮಾಡಿಸಬೇಕು ಅಂದರೆ ಮೋಸ ಅಥವಾ ಒತ್ತಾಯ ಆಗಿತ್ತು ಅಂತ ನೀವೇ ತೋರಿಸಬೇಕು, ಅದೂ ಸಂಗತಿ ತಿಳಿದ ಮೂರು ವರ್ಷದೊಳಗೆ. "ಅಣ್ಣ ಹೇಳಿದ, ನಾನು ಓದಲಿಲ್ಲ" ಅನ್ನುವುದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಬಿಡುವುದೇ ಆದರೆ ಹಣ ಪಡೆದು ಬಿಡುವುದು ಎರಡನೇ ದಾರಿ. ನಮ್ಮ ಕಡೆ ಜಾಸ್ತಿ ನಡೆಯುವುದು ಇದೇ. ಇದರಲ್ಲಿ ಮೋಸ ಹೋಗುವುದು ಒಂದೇ ಜಾಗದಲ್ಲಿ: "ಈಗ ಸಹಿ ಹಾಕು, ಸುಗ್ಗಿ ಆದ ಮೇಲೆ ಕೊಡ್ತೀನಿ." ಸುಗ್ಗಿ ಪ್ರತಿ ವರ್ಷ ಬರುತ್ತದೆ, ಹಣ ಬರುವುದಿಲ್ಲ. ಮೊತ್ತ ಪತ್ರದಲ್ಲೇ ಬರೆಯಲಿ. ಹಣ ಬ್ಯಾಂಕ್ ಮೂಲಕ ನಿಮ್ಮ ಖಾತೆಗೆ ಬಂದ ಮೇಲೆ ಸಹಿ. ನಿಮ್ಮ ಖಾತೆಗೆ ಅಂದೆ, ನಿಮ್ಮ ಯಜಮಾನರ ಖಾತೆಗೆ ಅಲ್ಲ.

ಮೂರನೆಯದು ನಿಮ್ಮ ನಾಲ್ಕು ಎಕರೆಯನ್ನು ಬೇರೆ ಮಾಡಿಕೊಳ್ಳುವುದು. ಸರ್ವೆಯವರಿಂದ ಹೊಲದ ತುಂಡು ಗುರುತಿಸುವ 11ಇ ನಕ್ಷೆ ಮಾಡಿಸಿ ವಾಟ್ನಿ ಪತ್ರ ನೋಂದಣಿ ಮಾಡಿಸಬೇಕು. ಅಪಾಯ ಏನೆಂದರೆ, ಹಂಚುವಾಗ ಕಾಲುವೆ ಕೊನೆಯ ಸೌಳು ತುಂಡು ನಿಮ್ಮ ಪಾಲಿಗೆ ಬರುವುದು. ಎಕರೆ ಸಮ ಇದ್ದರೆ ಸಾಲದು, ತೂಬು ಎಲ್ಲಿದೆ, ದಾರಿ ಯಾವುದು ಅನ್ನುವುದನ್ನೂ ಪತ್ರದಲ್ಲಿ ಬರೆಸಿ. ಗಂಗಾವತಿಯಲ್ಲಿ ಕುಳಿತು ಸಿಂಧನೂರಿನ ಹೊಲ ಮಾಡಲಾಗದಿದ್ದರೆ ತಮ್ಮನಿಗೇ ಲಾವಣಿಗೆ ಕೊಡಬಹುದು ಅನ್ನುವವರಿದ್ದಾರೆ. ಕೊಡುವ ಮುಂಚೆ ಒಬ್ಬ ವಕೀಲರನ್ನು ಕೇಳಿ, ಕರ್ನಾಟಕದಲ್ಲಿ ಗೇಣಿ ಕಾನೂನು ಬಿಗಿ ಇದೆ.

ನಾಲ್ಕನೆಯದನ್ನು ನಿಮ್ಮಂಥವರಿಗೆ ನಾನು ಮೊದಲು ಹೇಳುತ್ತೇನೆ. ಹಂಚಿಕೆಯೂ ಬೇಡ, ಬಿಡುಗಡೆಯೂ ಬೇಡ. ಅಪ್ಪನ ಮರಣ ಪತ್ರ, ವಂಶಾವಳಿ ಇಟ್ಟು ಮೂವರ ಹೆಸರಿನಲ್ಲೂ ಪೌತಿ ಖಾತೆ ಮಾಡಿಸಿ. ವಂಶಾವಳಿಯಲ್ಲಿ ನಿಮ್ಮ ಹೆಸರು ಇದೆಯಾ ಅಂತ ಕಣ್ಣಾರೆ ನೋಡಿ. ಹೆಣ್ಣುಮಕ್ಕಳ ಹೆಸರು ಅಲ್ಲೇ ಮಾಯವಾಗುವುದನ್ನು ಬಹಳ ನೋಡಿದ್ದೇನೆ. ಹೊಲ ಅವರೇ ಮಾಡಲಿ, ನಿಮ್ಮ ಹೆಸರು ಪಹಣಿಯಲ್ಲಿ ಇರಲಿ. ಹೀಗೆ ಮಾಡಿದರೆ ನಿಮ್ಮ ಸಹಿ ಇಲ್ಲದೆ ನಿಮ್ಮ ಪಾಲು ಮಾರಲು ಬರುವುದಿಲ್ಲ. ಜಗಳವೂ ಕಡಿಮೆ, ಏಕೆಂದರೆ ಯಾರ ಕೈಯಿಂದಲೂ ಏನೂ ಹೋಗಿಲ್ಲ. ನಷ್ಟ ಅಂದರೆ, ಆದಾಯದಲ್ಲಿ ನಿಮಗೆ ಎರಡು ಚೀಲ ಅಕ್ಕಿಗಿಂತ ಹೆಚ್ಚು ಬರದೇ ಇರಬಹುದು.

ಕೋರ್ಟು ಕೊನೆಯದು. ಪಾಲಿನ ದಾವೆ ವರ್ಷಗಟ್ಟಲೆ ನಡೆಯುತ್ತದೆ, ವಕೀಲಳಾದ ನಾನೇ ಹೇಳುತ್ತಿದ್ದೇನೆ. ಆದರೆ ಅವರು ಮಾರಲು ಹೊರಟರೆ ಬೇರೆ ದಾರಿ ಇಲ್ಲ. ಹಣ ಇಲ್ಲ ಅಂತ ಹಿಂದೆ ಸರಿಯಬೇಡಿ. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ದಾವೆಗಿಂತ ಮುಂಚೆ ಅಲ್ಲೇ ಅಣ್ಣನನ್ನು ಕರೆಸಿ ರಾಜಿ ಮಾತುಕತೆಯನ್ನೂ ಮಾಡಿಸಬಹುದು.

ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. ಮೇಲಿನ ಲೆಕ್ಕ ಲಿಂಗಾಯತರೂ ಜೈನರೂ ಸೇರಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರದ್ದು. ಮುಸ್ಲಿಮರಿಗೆ, ಕ್ರಿಶ್ಚಿಯನ್ನರಿಗೆ ಕಾನೂನು ಬೇರೆ. ನಮ್ಮ ರಾಯಚೂರು, ಬಳ್ಳಾರಿ ಕಡೆ ಬಹಳ ಇರುವ ವಾಲ್ಮೀಕಿ ನಾಯಕ ಸಮುದಾಯ ಪರಿಶಿಷ್ಟ ಪಂಗಡದಲ್ಲಿದೆ. ಪರಿಶಿಷ್ಟ ಪಂಗಡಗಳಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬೇರೊಂದು ಬುಡಕಟ್ಟಿನ ಪ್ರಕರಣದಲ್ಲಿ ಹೆಣ್ಣಿಗೂ ಸಮಪಾಲು ಎಂದಿದೆ, ಆದರೂ ಆ ಮನೆಯ ಅಕ್ಕತಂಗಿಯರು ದಾಖಲೆ ಹಿಡಿದು ಬೇರೆಯಾಗಿಯೇ ಸಲಹೆ ಪಡೆಯಬೇಕು.

ಉಳಿದದ್ದು ಪಂಚಮಿ.

ಇದಕ್ಕೆ ಕಾನೂನಿನಲ್ಲಿ ಕಲಮು ಇಲ್ಲ. ನನ್ನದನ್ನೇ ಹೇಳುತ್ತೇನೆ. ನಾನೂ ಸಹಿ ಹಾಕಿದವಳೇ. 2003ರಲ್ಲಿ. ಕರಿ ಕೋಟು ಹಾಕಿ ಎರಡು ವರ್ಷವೂ ಆಗಿರಲಿಲ್ಲ. 1994ರ ಕಾನೂನು ಬಂದಾಗ ನನಗೆ ಮದುವೆ ಆಗಿರಲಿಲ್ಲ, ಹಾಗಾಗಿ ಪಾಲಿದೆ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಸಬ್‌ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕುಳಿತು, ಅಣ್ಣ ಕೊಡಿಸಿದ ಚಹಾ ಕುಡಿದು ಸಹಿ ಹಾಕಿದೆ. ವೈನಿ ಉಡಿ ತುಂಬಿ, ಸೀರೆ ಕೊಟ್ಟು ಕಳಿಸಿದಳು. ಆ ವರ್ಷ ಅಣ್ಣ ಪಂಚಮಿಗೆ ಕರೆಯಲು ಬಂದ. ಮರುವರ್ಷವೂ ಬಂದ. ಮೂರನೇ ವರ್ಷ ಫೋನ್ ಮಾಡಿದ. ಈಗ ವಾಟ್ಸಾಪಿನಲ್ಲಿ ಉಂಡಿಯ ಫೋಟೋ ಬರುತ್ತದೆ. ಅವನು ಕೆಟ್ಟವನಲ್ಲ. ಅವನಿಗೂ ಮಕ್ಕಳಾದವು, ಕೆಲಸ ಹೆಚ್ಚಾಯಿತು.

ಪಾಲು ತೆಗೆದುಕೊಂಡವರ ಕಥೆಯೂ ನೋಡಿದ್ದೇನೆ. ಮಾನ್ವಿ ಕಡೆಯ ಒಬ್ಬರು ಒಂದೂವರೆ ಎಕರೆ ಬಿಡಿಸಿಕೊಂಡರು. ಎರಡು ವರ್ಷ ಮಾತಿಲ್ಲ. ಮೂರನೇ ವರ್ಷ ಅಣ್ಣನ ಮಗಳ ಮದುವೆಗೆ ಸಾಲ ಬೇಕಾಯಿತು, ಅಣ್ಣ ಬಂದು ಕಟ್ಟೆ ಮೇಲೆ ಕುಳಿತ. ಇನ್ನೊಬ್ಬರ ಮನೆಯಲ್ಲಿ ಹತ್ತು ವರ್ಷವಾದರೂ ಬಾಗಿಲು ತೆರೆದಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಸಹಿ ಹಾಕಿದರೆ ಬಂದೇ ಬರುತ್ತಾರೆ, ಹಾಕದಿದ್ದರೆ ಬರುವುದೇ ಇಲ್ಲ ಅನ್ನುವ ಲೆಕ್ಕ ಮಾತ್ರ ನಾನು ನೋಡಿದ ಮನೆಗಳಲ್ಲಿ ಕೂಡಿ ಬಂದಿಲ್ಲ.

ಅಣ್ಣನಿಗೆ ಇವತ್ತೇ ಫೋನ್ ಮಾಡಿ. ಪಾಲು ಬೇಕು, ಬೇಡ ಎರಡೂ ಹೇಳಬೇಡಿ. "ಪತ್ರದ ಕರಡು ಕಳಿಸು, ಮಗಳ ಹತ್ತಿರ ಓದಿಸಿ ಹೇಳ್ತೀನಿ" ಅನ್ನಿ. ಅಷ್ಟು ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ಸಿಟ್ಟು ಬಂದರೆ ಬರಲಿ, ಎರಡು ದಿನಕ್ಕೆ ಇಳಿಯುತ್ತದೆ. ಬುಧವಾರ ಹೋಗಲೇಬೇಕಾದ ಸಂದರ್ಭ ಬಂದರೆ ಹೋಗಿ, ಚಹಾ ಕುಡಿಯಿರಿ, ಮಾತಾಡಿ. ಆಧಾರ್ ಕಾರ್ಡನ್ನು ಮಾತ್ರ ಗಂಗಾವತಿಯ ಮನೆಯಲ್ಲೇ ಮರೆತು ಹೋಗಿ.